ಹಳೆಯ ಆವೃತ್ತಿಗೆ ವಿದಾಯ ಹೇಳುವ ದಿನ

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಕಂಪ್ಯೂಟರ್ ತಂತ್ರಾಂಶಗಳ ಆವೃತ್ತಿಯ ಮಾತೇಕೆ ಎಂದು ಹಿರಿಯ ಓದುಗರು ಕೇಳಬಹುದು. ಕೇಳುವುದು ನ್ಯಾಯವೇ ಆಗಿದೆ. ಆದರೆ ಇಂದು ಪ್ರೌಢಶಾಲೆಯೆಂದರೆ ಅಲ್ಲೊಂದು ಕಂಪ್ಯೂಟರ್ ಕೋಣೆ ಇರಲೇಬೇಕೆಂದು ನಾವೆಲ್ಲರೂ ಅಪೇಕ್ಷಿಸುತ್ತೇವೆ. ದಾನಿಗಳು ಯಂತ್ರಗಳನ್ನು ಕೊಡುತ್ತಾರೆ, ಅಧ್ಯಾಪಕರು ಅವುಗಳನ್ನು ಜೋಪಾನ ಮಾಡುತ್ತಾರೆ, ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲಿಯೂ ವಿದೇಶಗಳಲ್ಲಿಯೂ ತಂತ್ರಾಂಶ ಬರೆಯುವ ಉದ್ಯೋಗದಲ್ಲಿದ್ದಾರೆ. ಈ ಮೂವರಿಗೂ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಮೂವರ ಸಮಕ್ಷಮ ಇಡಲು ಇದಕ್ಕಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದ ಒಂದು ದಿನ ಇಚಿಲಂಪಾಡಿಯ ನಮ್ಮ ಮನೆಯಿಂದ ಹೆಚ್ಚು ದೂರವಲ್ಲದ ಒಂದು ಶಾಲೆಗೆ ಹೋಗಿದ್ದೆ. ಮಕ್ಕಳಿಗೆ ಲೆಕ್ಕವನ್ನೂ ಚಿತ್ರಗಳನ್ನೂ ಕಲಿಸುವ ಒಂದು ಮುಕ್ತ ತಂತ್ರಾಂಶವನ್ನು ಅಲ್ಲಿಯ ಕಂಪ್ಯೂಟರುಗಳಿಗೆ ಹಾಕಿಕೊಡಬೇಕೆಂದು ಅಧ್ಯಾಪಕರೊಬ್ಬರು ಕರೆದಿದ್ದರು. ಯಂತ್ರಗಳು ದಾನವಾಗಿ ಬಂದವು; ಹಳೆಯವಾದರೂ ಗಟ್ಟಿಯಾದವು; ಅವುಗಳಲ್ಲಿದ್ದುದು ವಿಂಡೋಸ್ 7. ಪೆನ್‌ಡ್ರೈವಿನಿಂದ ತಂತ್ರಾಂಶವನ್ನು ಹಾಕಹೊರಟಾಗ, ‘ಈ ಆವೃತ್ತಿಯ ಮೇಲೆ ಇದು ನಡೆಯದು’ ಎಂಬ ಅರ್ಥದ ಒಂದು ಸಾಲು ಪರದೆಯ ಮೇಲೆ ಮೂಡಿತು. ಮಕ್ಕಳು ಸಾಲಾಗಿ ನಿಂತಿದ್ದರು. ‘ಕಂಪ್ಯೂಟರ್ ಹಾಳಾಗಿಲ್ಲ, ಕರೆಂಟೂ ಉಂಟು, ಮತ್ತೆ ಯಾಕೆ ಆಗುವುದಿಲ್ಲ ಸರ್?’ ಎಂದು ಅಧ್ಯಾಪಕರು ಕೇಳಿದರು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ತಂತ್ರಾಂಶದ ಎರಡು ವರ್ಷ ಹಿಂದಿನ ಆವೃತ್ತಿ ಆ ಯಂತ್ರದ ಮೇಲೆ ಸುಸೂತ್ರವಾಗಿ ನಡೆಯುತ್ತಿತ್ತೆಂದು ಮನೆಗೆ ಬಂದು ಹುಡುಕಿದಾಗ ತಿಳಿಯಿತು. ಅದು ಎಲ್ಲಿ ದೊರೆಯುತ್ತದೆಂಬುದನ್ನು ಮಾತ್ರ ಎಲ್ಲಿಯೂ ಹೇಳಿರಲಿಲ್ಲ.

ಆ ದಿನದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಎಲ್ಲರಿಗೂ ತೆರೆದಿಟ್ಟ ಒಂದು ತಂತ್ರಾಂಶವನ್ನು ರೂಪಿಸುವವರು ಯಾವ ಯಾವ ಹಳೆಯ ಆವೃತ್ತಿಗಳ ಮೇಲೆ ಅದು ನಡೆಯುವಂತೆ ನೋಡಿಕೊಳ್ಳಬೇಕು? ಎಲ್ಲಿಯವರೆಗೆ ನೋಡಿಕೊಳ್ಳಬೇಕು? ಯಾವಾಗ ‘ಇನ್ನು ಸಾಧ್ಯವಿಲ್ಲ’ ಎನ್ನಬೇಕು?

ವಿಷಯದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಯಾವ ತಂತ್ರಾಂಶವೂ ನಿರಾಧಾರವಾಗಿ ನಿಲ್ಲುವುದಿಲ್ಲ. ಅದರ ಕೆಳಗೆ ವಿಂಡೋಸ್ ಅಥವಾ ಲಿನಕ್ಸ್‌ನಂತಹ ಆಪರೇಟಿಂಗ್ ಸಿಸ್ಟಮ್ ಇರುತ್ತದೆ; ಅದನ್ನು ಬರೆಯಲು ಬಳಸಿದ ಪೈಥಾನಿನಂತಹ ಪ್ರೋಗ್ರಾಮಿಂಗ್ ಭಾಷೆ ಇರುತ್ತದೆ. ಇವೂ ವರ್ಷ ವರ್ಷ ಬದಲಾಗುತ್ತ ಹೊಸ ಹೊಸ ಆವೃತ್ತಿಗಳಾಗಿ ಹೊರಬರುತ್ತವೆ. ಮನೆಯನ್ನು ಕಟ್ಟುವವನು ನೆಲವನ್ನು ನೋಡಿಯೇ ಪಾಯ ತೋಡಬೇಕು. ಇಲ್ಲಿಯಾದರೋ ನೆಲವೇ ಚಲಿಸುತ್ತಿದೆ. ಮುಕ್ತ ತಂತ್ರಾಂಶವನ್ನು ರೂಪಿಸುವವರಲ್ಲಿ ಬಹುಮಂದಿ ಸಂಬಳವಿಲ್ಲದೆ, ರಾತ್ರಿಯ ಬಿಡುವಿನಲ್ಲಿ ದುಡಿಯುವವರು. ಒಂದೊಂದು ಹಳೆಯ ಆವೃತ್ತಿಯನ್ನು ಉಳಿಸಿಕೊಂಡಾಗಲೂ ಅದರ ಮೇಲೆ ಪರೀಕ್ಷಿಸುವ ಕೆಲಸ ಅವರ ಪಾಲಿಗೆ ಬೀಳುತ್ತದೆ. ಐದು ಆವೃತ್ತಿಗಳೆಂದರೆ ಐದು ಬಾರಿ ಪರೀಕ್ಷೆ.

ಪೈಥಾನ್ ಭಾಷೆಯ ಇತಿಹಾಸವೇ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಮೂರನೆಯ ಪೀಳಿಗೆ 2008ರ ಡಿಸೆಂಬರಿನಲ್ಲಿ ಹೊರಬಂದಿತು. ಎರಡನೆಯ ಪೀಳಿಗೆಯಲ್ಲಿ ಬರೆದುದು ಮೂರನೆಯದರಲ್ಲಿ ಹಾಗೆಯೇ ನಡೆಯುತ್ತಿರಲಿಲ್ಲ. ಹಳೆಯದನ್ನು 2015ರಲ್ಲಿ ನಿಲ್ಲಿಸುವುದೆಂದು ಮೊದಲು ನಿಶ್ಚಯಿಸಿದ್ದರು. ಜನರು ಸಿದ್ಧರಾಗಿಲ್ಲವೆಂಬುದು ಕಂಡುಬಂದ ಮೇಲೆ 2014ರಲ್ಲಿ ಆ ಅವಧಿಯನ್ನು ವಿಸ್ತರಿಸಿ, 2020ರ ಜನವರಿ 1ರಂದು ಕೊನೆಗೊಳಿಸಿದರು. ಅಂದರೆ ಹನ್ನೊಂದು ವರ್ಷಗಳ ಕಾಲ ಜಗತ್ತಿನಾದ್ಯಂತ ಸಾವಿರಾರು ತಂತ್ರಾಂಶಗಳ ನಿರ್ಮಾಪಕರು ಎರಡು ಪೀಳಿಗೆಗಳನ್ನೂ ಹೊತ್ತು ನಡೆಯಬೇಕಾಯಿತು.

ಹಾಗಾದರೆ ಆ ಬದಲಾವಣೆಯೇ ಅನವಶ್ಯಕವಾಗಿತ್ತೆ? ಕನ್ನಡಿಗನಾಗಿ ನಾನು ಹಾಗೆನ್ನಲಾರೆ. ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಪೈಥಾನಿನ ಹಳೆಯ ಪೀಳಿಗೆಯನ್ನು ಕೇಳಿದರೆ ಸಾಮಾನ್ಯವಾಗಿ 15 ಎಂದು ಉತ್ತರ ಬರುತ್ತಿತ್ತು. ಏಕೆಂದರೆ ಅದು ಎಣಿಸುತ್ತಿದ್ದುದು ಅಕ್ಷರಗಳನ್ನಲ್ಲ, ಅವುಗಳನ್ನು ಶೇಖರಿಸಿಟ್ಟ ಬೈಟುಗಳನ್ನು. ಮೂರನೆಯ ಪೀಳಿಗೆ 5 ಎನ್ನುತ್ತದೆ: ಕ, ನ, ವಿರಾಮಚಿಹ್ನೆ, ನ, ಡ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರಗಳಾದರೂ, ಕನ್ನಡದ ವರ್ಣಗಳನ್ನು ವರ್ಣಗಳೆಂದೇ ಗುರುತಿಸುವ ಯೋಗ್ಯತೆ ಆ ಭಾಷೆಗೆ ಸಹಜವಾಗಿ ದೊರೆತುದು ಹೊಸ ಪೀಳಿಗೆಯಲ್ಲಿಯೇ. ಅಷ್ಟೇ ಅಲ್ಲ, ಲೆಕ್ಕದ ಪದಗಳಿಗೆ ‘ಮೊತ್ತ’, ‘ಬಾಕಿ’ ಎಂದು ಕನ್ನಡದಲ್ಲಿಯೇ ಹೆಸರಿಟ್ಟು ಪ್ರೋಗ್ರಾಮ್ ಬರೆಯುವುದೂ ಅದರಲ್ಲಿ ಸಾಧ್ಯ. ಇಂಗ್ಲಿಷ್ ಮಾತ್ರ ಬಳಸುವವರಿಗೆ ಹಳೆಯದೂ ಸಾಕಾಗಿತ್ತು. ಹೊಸದರ ಅಗತ್ಯ ಹೆಚ್ಚಾಗಿದ್ದುದು ನಮಗೆ.

ಇದೇ ಪಾಠವನ್ನು ನಾವು ನಮ್ಮ ನಾಡಿನಲ್ಲಿಯೂ ಕಲಿತಿದ್ದೇವೆ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಇವು ಮುಕ್ತ ತಂತ್ರಾಂಶಗಳಲ್ಲದಿದ್ದರೂ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಿದ ಉಪಕಾರವನ್ನು ಯಾರೂ ಮರೆಯುವಂತಿಲ್ಲ. ಆದರೆ ಅಂದು ಎಲ್ಲೆಡೆಯಿದ್ದ ವಿಂಡೋಸ್ 98ಕ್ಕೆ ಯೂನಿಕೋಡಿನ ಕನ್ನಡ ತಿಳಿಯುತ್ತಿರಲಿಲ್ಲ. ಆ ಕಾರಣದಿಂದ ಅಕ್ಷರಗಳ ಚೂರುಗಳನ್ನು ಫಾಂಟಿನಲ್ಲಿ ಅಡಗಿಸಿಡುವ ಉಪಾಯವನ್ನು ಅನುಸರಿಸಬೇಕಾಯಿತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಪತ್ರ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಬಂದಿತಾದರೂ ಅದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗಿತ್ತು. ಅದಕ್ಕೆ ಮೂಲ ಸಿ.ಡಿ. ಕೈಯಲ್ಲಿರಬೇಕಾಗಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದಾಗ ಹಳೆಯ ಯಂತ್ರಗಳಲ್ಲಿ ಅದನ್ನು ತೆರೆದವರಿಗೆ ಕಾಣುತ್ತಿದ್ದುದು ಬರಿಯ ಚೌಕಗಳು. ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯೆಂದು ಅಂಗೀಕರಿಸುವ ಹೊತ್ತಿಗೆ 2012 ಆಗಿತ್ತು. ಅಷ್ಟರೊಳಗೆ ಹಳೆಯ ಪದ್ಧತಿಯಲ್ಲಿ ಬರೆದ ಕಡತಗಳು ಲೆಕ್ಕವಿಲ್ಲದಷ್ಟು ಬೆಳೆದಿದ್ದವು. ಅವುಗಳನ್ನು ಪರಿವರ್ತಿಸುವ ಶ್ರಮ ಇಂದಿಗೂ ಮುಗಿದಿಲ್ಲ. ನಮ್ಮ ಶಾಲೆಗಳ ಹಳೆಯ ವಾರ್ಷಿಕ ಸಂಚಿಕೆಗಳ ಹಸ್ತಪ್ರತಿಗಳನ್ನು ಹುಡುಕಹೊರಟವರಿಗೆ ಈ ಮಾತಿನ ಸತ್ಯ ಕೂಡಲೇ ಮನವರಿಕೆಯಾದೀತು. ಹಳೆಯ ಆವೃತ್ತಿಯನ್ನು ಹಿಡಿದುಕೊಂಡೇ ಇರುವುದು ಮೇಲ್ನೋಟಕ್ಕೆ ಬಡವರ ಮೇಲಿನ ಕರುಣೆಯಂತೆ ಕಂಡರೂ, ಅದರ ಸಾಲವನ್ನು ಮುಂದಿನವರು ಬಡ್ಡಿ ಸಹಿತ ತೀರಿಸಬೇಕಾಗುತ್ತದೆ.

ಈಚಿನ ಒಂದು ಸಂಗತಿಯನ್ನು ನೋಡಿ. ಹಳಗನ್ನಡದ ಶಾಸನಗಳನ್ನು ಅಚ್ಚಿಡುವಾಗ ಬೇಕಾಗುವ ನಕಾರಪೊಲ್ಲು ಯೂನಿಕೋಡಿಗೆ ಸೇರಿದುದು 2021ರಲ್ಲಿ. ನಮ್ಮ ತುಳುನಾಡಿನ ಓಲೆಗರಿಗಳ ಲಿಪಿಯಾದ ತುಳು-ತಿಗಳಾರಿಗೆ ಅಲ್ಲಿ ಸ್ಥಾನ ದೊರೆತುದು 2024ರ ಸೆಪ್ಟೆಂಬರಿನಲ್ಲಿ. 2009ರಲ್ಲಿ ಹುಟ್ಟಿದ ವಿಂಡೋಸ್ 7ಕ್ಕೆ ಇವು ತಾವಾಗಿ ತಿಳಿಯುವುದೆಂತು? ಇಂಗ್ಲಿಷಿನ ಅಕ್ಷರಗಳು ಅರ್ಧ ಶತಮಾನದ ಹಿಂದಿನ ಯಂತ್ರದಲ್ಲಿಯೂ ಮೂಡುತ್ತಿದ್ದವು; ನಮ್ಮ ಲಿಪಿಗಳಾದರೋ ಇನ್ನೂ ಬಾಗಿಲೊಳಗೆ ಕಾಲಿಡುತ್ತಿವೆ. ಯಾವ ಊರುಗಳಲ್ಲಿ ಹಳೆಯ ಯಂತ್ರಗಳು ಹೆಚ್ಚಾಗಿವೆಯೋ ಆ ಊರುಗಳ ಭಾಷೆಗೇ ಹೊಸ ಆವೃತ್ತಿ ಹೆಚ್ಚು ಅವಶ್ಯಕವೆಂಬುದು ಈ ಕಾಲದ ಒಂದು ವಿಪರ್ಯಾಸ.

ಇಷ್ಟನ್ನು ಓದಿ ಹಳೆಯದನ್ನೆಲ್ಲ ಒಡನೆಯೇ ಕೈಬಿಡಬೇಕೆಂಬುದು ನನ್ನ ಅಭಿಪ್ರಾಯವೆಂದು ಯಾರೂ ತಿಳಿಯಬಾರದು. ಕಡಬದ ಸಮೀಪದ ಹೊಸ್ಮಠದಲ್ಲಿ ಗುಂಡ್ಯ ಹೊಳೆಗೆ ಹಿಂದೆ ಇದ್ದ ಮುಳುಗು ಸೇತುವೆಯನ್ನು ನಮ್ಮ ಕಡೆಯವರೆಲ್ಲರೂ ಬಲ್ಲರು. ಮಳೆ ಬಿರುಸಾದರೆ ಸೇತುವೆಯ ಮೇಲೆ ನೀರು. ಎರಡೂ ದಡಗಳಲ್ಲಿ ವಾಹನಗಳ ಸಾಲು. ಅದು ಸಾಲದೆಂದು ಎಲ್ಲರೂ ಒಪ್ಪಿದ್ದರು. ಆದರೂ ಎತ್ತರದ ಹೊಸ ಸೇತುವೆ ಸಂಚಾರಕ್ಕೆ ಸಿದ್ಧವಾಗುವವರೆಗೆ ಹಳೆಯದರ ಮೇಲೆಯೇ ಜನರು ಓಡಾಡಿದರು. ಹೊಸದು ಏಳುವ ಮೊದಲೇ ಹಳೆಯದನ್ನು ಒಡೆದಿದ್ದರೆ ಅದನ್ನು ಯಾರೂ ಪ್ರಗತಿಯೆಂದು ಕರೆಯುತ್ತಿರಲಿಲ್ಲ. ತಂತ್ರಾಂಶದ ಲೋಕದಲ್ಲಿ ಮಾತ್ರ ಇಂತಹ ಕೆಲಸಗಳು ಆಗಾಗ ನಡೆಯುತ್ತವೆ.

ಅದಕ್ಕೆ ಒಂದು ಕಾರಣ ಲೆಕ್ಕದ ದೋಷ. ‘ಹಳೆಯ ಆವೃತ್ತಿಯನ್ನು ಬಳಸುವವರು ನೂರಕ್ಕೆ ಇಬ್ಬರೋ ಮೂವರೋ ಇದ್ದಾರೆ, ಅವರಿಗಾಗಿ ದುಡಿಯುವುದೇಕೆ?’ ಎಂಬ ವಾದವನ್ನು ಆಗಾಗ ಕೇಳುತ್ತೇವೆ. ಆದರೆ ಆ ಲೆಕ್ಕ ಇಂಟರ್‌ನೆಟ್ಟಿಗೆ ಸೇರಿದ ಯಂತ್ರಗಳದು. ಪೆನ್‌ಡ್ರೈವಿನಿಂದ ತುಂಬಿಸಿ ನಡೆಸುವ ಶಾಲೆಯ ಕೋಣೆಯ ಇಪ್ಪತ್ತು ಯಂತ್ರಗಳು ಯಾವ ಗಣತಿಯಲ್ಲಿಯೂ ಸೇರುವುದಿಲ್ಲ. ಒಂದು ವೇಳೆ ಸೇರಿದರೂ, ಒಂದು ಯಂತ್ರದ ಮುಂದೆ ದಿನಕ್ಕೆ ಮೂವತ್ತು ಮಕ್ಕಳು ಸರದಿಯಲ್ಲಿ ಕುಳಿತರೆ ಅದು ಒಂದೆಂದೇ ಎಣಿಕೆಯಾಗುತ್ತದೆ. ಬಳಸುವವರ ಸಂಖ್ಯೆಯನ್ನು ನೋಡುವಾಗ ಬಳಕೆಯ ಸ್ವರೂಪವನ್ನೂ ನೋಡಬೇಕೆಂಬುದು ನನ್ನ ಮೊದಲ ವಿನಂತಿ.

ಎರಡನೆಯ ಆಕ್ಷೇಪ ಹೆಚ್ಚು ಗುರುತರವಾದುದು. ತಯಾರಕರೇ ಕೈಬಿಟ್ಟ ಆವೃತ್ತಿಯಲ್ಲಿ ಭದ್ರತೆಯ ಲೋಪಗಳು ಸರಿಯಾಗದೆ ಉಳಿಯುತ್ತವೆ. ಅದರ ಮೇಲೆ ನಡೆಯುವ ತಂತ್ರಾಂಶವನ್ನು ಕೊಡುವುದೆಂದರೆ ಜನರನ್ನು ಅಪಾಯದಲ್ಲಿಯೇ ಉಳಿಸಿದಂತಾಗುವುದಿಲ್ಲವೆ ಎನ್ನುತ್ತಾರೆ. ಇದು ನಿಜ. ಇಂಟರ್‌ನೆಟ್ಟಿಗೆ ಸೇರದ ಯಂತ್ರಕ್ಕೂ ಪೆನ್‌ಡ್ರೈವಿನ ಮೂಲಕ ವೈರಸ್ ತಗಲುವುದನ್ನು ಅಧ್ಯಾಪಕರೆಲ್ಲರೂ ಕಂಡಿದ್ದಾರೆ. ಆದರೆ ಅಪಾಯವನ್ನು ತಿಳಿಸುವುದು ಬೇರೆ, ತಿಳಿಸದೆ ಬಾಗಿಲು ಹಾಕುವುದು ಬೇರೆ. ಫೈರ್‌ಫಾಕ್ಸ್ ಬ್ರೌಸರಿನವರು ಅನುಸರಿಸಿದ ಕ್ರಮ ಇಲ್ಲಿ ಗಮನಾರ್ಹ. ವಿಂಡೋಸ್ 7ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ನಿಲ್ಲಿಸಿದರೂ ಅವರು ನಿಲ್ಲಿಸಲಿಲ್ಲ. 2023ರ ಜುಲೈಯಲ್ಲಿ ಬಂದ 115ನೆಯ ಆವೃತ್ತಿಯೇ ಅದಕ್ಕೆ ಕೊನೆಯದೆಂದು ಸ್ಪಷ್ಟಪಡಿಸಿ, ಹೊಸ ಸೌಲಭ್ಯಗಳನ್ನು ಸೇರಿಸದೆ, ಭದ್ರತೆಯ ದುರಸ್ತಿಗಳನ್ನು ಮಾತ್ರ ಒದಗಿಸತೊಡಗಿದರು. ಬಳಸುವವರು ಇನ್ನೂ ಇರುವುದನ್ನು ಕಂಡು ಆ ಅವಧಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿದರು. ಹಳೆಯದನ್ನು ಬೆಳೆಸುವುದಕ್ಕೂ ಹಳೆಯದನ್ನು ಕಾಯುವುದಕ್ಕೂ ನಡುವೆ ವ್ಯತ್ಯಾಸವಿದೆಯೆಂಬುದನ್ನು ಇದು ತೋರಿಸುತ್ತದೆ.

ಹೀಗಿರಲು ಸರಿಯಾದ ದಾರಿ ಯಾವುದು? ನನ್ನ ದೃಢವಾದ ಅಭಿಪ್ರಾಯವಿಷ್ಟೆ: ಎಷ್ಟು ವರ್ಷ ಬೆಂಬಲ ಕೊಡುತ್ತೇವೆಂಬುದಕ್ಕಿಂತಲೂ, ಯಾವ ದಿನ ನಿಲ್ಲಿಸುತ್ತೇವೆಂಬುದನ್ನು ಆರಂಭದಲ್ಲಿಯೇ ಹೇಳುವುದು ಮುಖ್ಯ. ಬೆಂಬಲವೆಂಬುದು ಒಂದು ವಾಗ್ದಾನ. ಅವಧಿಯಿಲ್ಲದ ವಾಗ್ದಾನವನ್ನು ಕೊಟ್ಟವನೂ ನಡೆಸಲಾರ, ಪಡೆದವನೂ ನಂಬಲಾರ. ಈಗ ಪೈಥಾನಿನ ಹೊಸ ಆವೃತ್ತಿ ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ಬರುತ್ತದೆ. ಪ್ರತಿಯೊಂದರ ಆಯುಸ್ಸು ಐದು ವರ್ಷವೆಂದು ಮೊದಲೇ ಗೊತ್ತು. ವಿಂಡೋಸ್ 7ರ ಮೇಲೆ ನಡೆಯುವ ಕೊನೆಯ ಆವೃತ್ತಿ 3.8, ಅದು ಬಂದುದು 2019ರ ಅಕ್ಟೋಬರಿನಲ್ಲಿ, ಕೊನೆಗೊಂಡುದು 2024ರ ಅಕ್ಟೋಬರಿನಲ್ಲಿ. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಗಣಿತದ ಕೆಲಸಗಳಿಗೆ ಬಳಸುವ ನಂಪೈ ಮೊದಲಾದ ಯೋಜನೆಗಳವರು, ಪೈಥಾನಿನ ಒಂದೊಂದು ಆವೃತ್ತಿಯನ್ನೂ ಅದು ಬಂದ ದಿನದಿಂದ ಇಂತಿಷ್ಟು ತಿಂಗಳು ಎಂದು ಲೆಕ್ಕ ಹಾಕುವ ನಿಯಮವನ್ನು 2019ರಲ್ಲಿ ಮಾಡಿಕೊಂಡರು. ಆಗ ಗೊತ್ತುಪಡಿಸಿದುದು 42 ತಿಂಗಳು. ಆ ಅವಧಿ ಶಾಲೆಗಳ ದೃಷ್ಟಿಯಿಂದ ಕಡಿಮೆಯೆಂದು ನಾನು ಹೇಳಿಯೇನು. ಆದರೆ ನಿಯಮವಿರುವುದರಿಂದಲೇ ಹಾಗೆ ಹೇಳುವುದಾದರೂ ಸಾಧ್ಯವಾಗಿದೆ.

ನಮ್ಮ ನೆರೆಯ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ಇಲ್ಲಿ ನೆನೆಯಬೇಕು. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ ಶಾಲಾ ಕಂಪ್ಯೂಟರ್ ಯೋಜನೆ ಕ್ರಮೇಣ ಮುಕ್ತ ತಂತ್ರಾಂಶಕ್ಕೆ ಬದಲಾಯಿತು. ಆ ಯೋಜನೆಯ ಉತ್ತರಾಧಿಕಾರಿಯಾದ ‘ಕೈಟ್’ ಸಂಸ್ಥೆ ಉಬುಂಟುವಿನ ದೀರ್ಘಾವಧಿಯ ಆವೃತ್ತಿಗಳನ್ನು ಆಧರಿಸಿ, ರಾಜ್ಯದ ಶಾಲೆಗಳಿಗೆಲ್ಲ ಒಂದೇ ಬಗೆಯ ಆಪರೇಟಿಂಗ್ ಸಿಸ್ಟಮ್ ಸಿದ್ಧಪಡಿಸುತ್ತದೆ: 2019ರಲ್ಲಿ 18.04ರ ಮೇಲೆ, 2024ರಲ್ಲಿ 22.04ರ ಮೇಲೆ. ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಬಳಸುತ್ತಾರೆ. ಇಲ್ಲಿ ಅನುಕರಣೀಯವಾದುದು ಆವೃತ್ತಿಯ ಸಂಖ್ಯೆಯಲ್ಲ, ಕ್ರಮ. ಪ್ರತಿ ಹೊಸ ಆವೃತ್ತಿಯ ಹಿಂದೆಯೂ ಓಡದೆ, ಒಂದು ದೀರ್ಘಾವಧಿಯ ಆವೃತ್ತಿಯಲ್ಲಿ ಕೆಲವು ವರ್ಷ ನೆಲೆನಿಂತು, ಬಳಿಕ ಎಲ್ಲರೂ ಒಟ್ಟಾಗಿ ಮುಂದಿನ ನೆಲೆಗೆ ಸಾಗುವುದು. ಶಾಲೆಗಳಿಗೆ ತಂತ್ರಾಂಶ ಬರೆಯುವವನಿಗೂ ಆಗ ಯಾವ ನೆಲದ ಮೇಲೆ ಕಟ್ಟಬೇಕೆಂಬುದು ಖಚಿತವಾಗಿರುತ್ತದೆ.

ಮುಕ್ತ ತಂತ್ರಾಂಶ ರೂಪಿಸುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಈ ಅನುಭವಗಳ ಆಧಾರದ ಮೇಲೆ ನಾಲ್ಕು ಬೇಡಿಕೆಗಳನ್ನು ಇಡುತ್ತೇನೆ. ಮೊದಲನೆಯದು, ಯಾವ ಆವೃತ್ತಿಗೆ ಎಲ್ಲಿಯವರೆಗೆ ಬೆಂಬಲವೆಂಬುದನ್ನು ಮೊದಲ ಪುಟದಲ್ಲಿಯೇ ಬರೆಯಿರಿ; ಶಾಲೆಗಳು ಬಳಸುವ ತಂತ್ರಾಂಶವಾದರೆ ಶೈಕ್ಷಣಿಕ ವರ್ಷದ ನಡುವೆ ನಿಲ್ಲಿಸಬೇಡಿರಿ. ಎರಡನೆಯದು, ಕೈಬಿಟ್ಟ ಆವೃತ್ತಿಯ ಮೇಲೆ ನಡೆಯುವ ನಿಮ್ಮ ಕೊನೆಯ ತಂತ್ರಾಂಶವನ್ನೂ ಅದರ ಕೈಪಿಡಿಯನ್ನೂ ಅಳಿಸದೆ, ‘ವಿಂಡೋಸ್ 7 ಇದ್ದವರು ಇದನ್ನು ಬಳಸಿರಿ’ ಎಂದು ಕನ್ನಡದಲ್ಲಿ ಒಂದು ಸಾಲು ಬರೆದಿಡಿರಿ. ಅಂದು ಆ ಶಾಲೆಯಲ್ಲಿ ಆ ಒಂದು ಸಾಲು ಇದ್ದಿದ್ದರೆ ಮಕ್ಕಳು ನಿರಾಶರಾಗಿ ತರಗತಿಗೆ ಮರಳುತ್ತಿರಲಿಲ್ಲ. ಮೂರನೆಯದು, ಕೈಬಿಡುವುದಕ್ಕೆ ಕಾರಣವನ್ನು ಹೇಳಿರಿ. ಹೊಸ ಆವೃತ್ತಿಯಿಂದ ಭದ್ರತೆಯೋ ಭಾಷೆಯೋ ಕೆಲಸದ ಸುಲಭತೆಯೋ ದೊರೆಯುವುದಾದರೆ ಅದು ಕಾರಣ; ಹೊಸದೆಂಬುದೇ ಒಂದು ಕಾರಣವಲ್ಲ. ನಾಲ್ಕನೆಯದು, ನಿಮಗೆ ಪರೀಕ್ಷಿಸಲು ಸಾಧ್ಯವಿಲ್ಲದ ಆವೃತ್ತಿಗೆ ಬೆಂಬಲವಿದೆಯೆಂದು ದಾಕ್ಷಿಣ್ಯಕ್ಕೆ ಹೇಳಬೇಡಿರಿ. ‘ಇಲ್ಲ’ ಎಂಬ ಸ್ಪಷ್ಟ ಮಾತು ‘ಇರಬಹುದು’ ಎಂಬ ಸಂದಿಗ್ಧ ಮಾತಿಗಿಂತ ಅಧ್ಯಾಪಕನಿಗೆ ಹೆಚ್ಚು ಉಪಕಾರಿ.

ಹಾಗೆಯೇ ಬಳಸುವವರಾದ ನಮಗೂ ಕರ್ತವ್ಯವಿದೆ. ಮುಕ್ತ ತಂತ್ರಾಂಶದ ಮೂಲಪ್ರತಿ ಎಲ್ಲರ ಕೈಗೆ ಸಿಗುವುದರಿಂದ, ಮೂಲ ನಿರ್ಮಾಪಕರು ಬಿಟ್ಟುದನ್ನು ಬೇರೆಯವರು ಮುಂದುವರಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಹಕ್ಕಿರುವುದು ಬೇರೆ, ಕೈಗಳಿರುವುದು ಬೇರೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಬರೆಯತೊಡಗಿದುದು 386 ಎಂಬ ಪ್ರೊಸೆಸರಿನ ಯಂತ್ರದ ಮೇಲೆ. ತಾನು ಹುಟ್ಟಿದ ಆ ತೊಟ್ಟಿಲನ್ನೇ ಲಿನಕ್ಸ್ 2013ರಲ್ಲಿ ತ್ಯಜಿಸಿತು. ಅದನ್ನು ಹೊತ್ತುಕೊಂಡಿರುವುದು ಉಳಿದ ಕೆಲಸಕ್ಕೆ ಭಾರವಾಗಿತ್ತು. ಹಳೆಯ ಆವೃತ್ತಿ ಬೇಕೆನ್ನುವ ಶಾಲೆ, ವರ್ಷಕ್ಕೆ ನಾಲ್ಕು ಬಾರಿ ಅದರ ಮೇಲೆ ಹೊಸ ತಂತ್ರಾಂಶವನ್ನು ನಡೆಸಿ ನೋಡಿ, ಕಂಡ ದೋಷಗಳನ್ನು ಬರೆದು ತಿಳಿಸಲು ಒಬ್ಬರನ್ನು ಗೊತ್ತುಮಾಡಬೇಕು. ಅದು ನಮ್ಮ ಮೇಲಿನ ತರಗತಿಯ ವಿದ್ಯಾರ್ಥಿಗಳಿಂದಲೇ ಆಗಬಲ್ಲ ಕೆಲಸ. ಅವರಿಗೆ ಅದಕ್ಕಿಂತ ಒಳ್ಳೆಯ ಪಾಠವೂ ಇಲ್ಲ. ಬೇಡುವುದರ ಜೊತೆಗೆ ದುಡಿಯುವ ಶಾಲೆಯ ಮಾತನ್ನು ಯಾವ ಯೋಜನೆಯವರೂ ಅಲಕ್ಷಿಸಲಾರರು.

ಕೊನೆಯದಾಗಿ ಉದಾರಿಗಳಾದ ದಾನಿಗಳಲ್ಲಿ ಒಂದು ನಿವೇದನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಅರ್ಹವಲ್ಲದ ಎಷ್ಟೋ ಕಂಪ್ಯೂಟರುಗಳನ್ನು ಕಚೇರಿಗಳು ಬದಿಗಿಡುತ್ತಿವೆ; ಅವುಗಳಲ್ಲಿ ಹಲವು ಶಾಲೆಗಳಿಗೆ ದಾನವಾಗಿ ಬರುವುದು ಸಹಜ. ಅವು ಬರಲಿ, ಸ್ವಾಗತ. ಅಂತಹ ಯಂತ್ರಗಳಲ್ಲಿ ಬಹುಪಾಲಿನ ಮೇಲೆ ಉಬುಂಟು 24.04ರಂತಹ ದೀರ್ಘಾವಧಿಯ ಆವೃತ್ತಿಯನ್ನು ಹಾಕಿದರೆ 2029ರವರೆಗೆ ಚಿಂತೆಯಿಲ್ಲ. ಆದರೆ ತೀರ ಹಳೆಯ 32 ಬಿಟ್‌ನ ಯಂತ್ರಗಳನ್ನು ಕೊಡುವ ಮುನ್ನ ಯೋಚಿಸಬೇಕು. ಹಳೆಯ ಯಂತ್ರಗಳ ಆಸರೆಯೆನಿಸಿದ್ದ ಡೆಬಿಯನ್ ಕೂಡ 2025ರಲ್ಲಿ ಬಂದ ತನ್ನ 13ನೆಯ ಆವೃತ್ತಿಯಿಂದ ಅಂತಹ ಯಂತ್ರಗಳಿಗೆ ಹೊಸದಾಗಿ ಹಾಕಿಕೊಳ್ಳುವ ಅನುಕೂಲವನ್ನು ಒದಗಿಸುತ್ತಿಲ್ಲ. ಆದುದರಿಂದ ಎಷ್ಟು ಕಂಪ್ಯೂಟರ್ ಕೊಟ್ಟೆವೆಂಬುದರ ಜೊತೆಗೆ, ಅವು ಎಷ್ಟು ವರ್ಷ ನಡೆಯುವ ಆವೃತ್ತಿಯೊಂದಿಗೆ ಬಂದಿವೆಯೆಂಬುದನ್ನೂ ದಾನಪತ್ರದಲ್ಲಿ ಬರೆಯುವ ಸಂಪ್ರದಾಯ ಬೆಳೆಯಲಿ.

ಅಧ್ಯಾಪಕರು ಮಾಡಬೇಕಾದುದು ಇನ್ನೂ ಸರಳ. ಕಂಪ್ಯೂಟರ್ ಕೋಣೆಯ ಗೋಡೆಯ ಮೇಲೆ ಒಂದು ಹಾಳೆಯನ್ನು ಅಂಟಿಸಿ, ಈ ಯಂತ್ರಗಳಲ್ಲಿರುವ ಆವೃತ್ತಿ ಯಾವುದು, ಅದರ ಬೆಂಬಲ ಮುಗಿಯುವ ದಿನ ಯಾವುದು, ಅದಕ್ಕೆ ಒಂದು ವರ್ಷ ಮೊದಲು ಯಾರನ್ನು ಕರೆಯಬೇಕು ಎಂಬ ಮೂರು ವಿವರಗಳನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಲಿ. ನಾನು ಹೋಗಿದ್ದ ಶಾಲೆಯಲ್ಲಿ ಈಗ ಅಂತಹ ಒಂದು ಹಾಳೆ ಇದೆ. ಮುಂದಿನ ಬೇಸಗೆ ರಜೆಯಲ್ಲಿ ಆ ಯಂತ್ರಗಳಿಗೆಲ್ಲ ಹೊಸ ಆವೃತ್ತಿಯನ್ನು ಹಾಕುವುದೆಂದು ಅದರಲ್ಲಿ ಬರೆದಿದ್ದೇವೆ. ಅಲ್ಲಿಯವರೆಗೆ ಎರಡು ವರ್ಷ ಹಿಂದಿನ ಆ ತಂತ್ರಾಂಶದಲ್ಲಿಯೇ ಮಕ್ಕಳು ಲೆಕ್ಕ ಕಲಿಯುತ್ತಿದ್ದಾರೆ.